ನಿಲುವಂಗಿಯ ಮೇಲೊಂದು ಗರಿ



ನಾನು ಬಿ.ಎಸ್‌ಸಿ. ಪದವಿ ಪಡೆದ ದಿನ, ಶ್ರೀರಾಂಪುರದ ನಮ್ಮ ಬೀದಿಯ ದರ್ಜಿಯೊಬ್ಬರು ಹೊಲಿದುಕೊಟ್ಟ ಹೊಸ ಅಂಗಿ ತೊಟ್ಟಿದ್ದೆ. ಬಟ್ಟೆಗೆ ಅಪ್ಪ ಹಣ ಕೊಟ್ಟಿದ್ದರು. ಹೊಲಿಗೆಯ ಕೂಲಿ ಮುಂದಿನ ತಿಂಗಳಿಗೆ ಬಾಕಿ. ಆದರೆ ಆ ಅಂಗಿಯನ್ನು ಸಭಾಂಗಣದಲ್ಲಿ ಯಾರೂ ಕಾಣಲಿಲ್ಲ. ಬಾಡಿಗೆಗೆ ತಂದ ಕಪ್ಪು ನಿಲುವಂಗಿ ಅದನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಫೋಟೋ ನೋಡಿದ ಅಮ್ಮ, "ಓದಿದ್ದು ಸೈನ್ಸು, ಹಾಕ್ಕೊಂಡಿರೋದು ಲಾಯರ್ ಕೋಟು, ಇದೇನೋ?" ಎಂದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಆ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

'ಘಟಿಕೋತ್ಸವ' ಎಂಬ ಮಾತು ನಮ್ಮದೇ. ಕದಂಬರ ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದ ಸಂಗತಿ ತಾಳಗುಂದದ ಶಾಸನದಲ್ಲಿದೆ. ಆದರೆ ಉತ್ಸವದ ಉಡುಪು ಬೇರೆ ಕಡೆಯದು. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದವರಲ್ಲಿ ಬಹುಪಾಲು ಚರ್ಚಿಗೆ ಸೇರಿದವರು. ಚಳಿಯ ಕಲ್ಲುಕಟ್ಟಡಗಳಲ್ಲಿ ಅವರು ತೊಡುತ್ತಿದ್ದ ಉದ್ದನೆಯ ನಿಲುವಂಗಿಯೇ ಮುಂದೆ ಪದವೀಧರರ ಗುರುತಾಯಿತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಬ್ರಿಟಿಷ್ ಮಾದರಿಯ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಈ ಪದ್ಧತಿಯೂ ಬಂತು. 1916ರಲ್ಲಿ ಮೈಸೂರು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಗಳು ಹುಟ್ಟುವ ಹೊತ್ತಿಗೆ ಪದವಿ ಎಂದರೆ ಗೌನು ಎಂಬ ಭಾವನೆ ಬೇರೂರಿತ್ತು.

ಕಪ್ಪು ಬಣ್ಣ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ. ಚಳಿನಾಡಿನಲ್ಲಿ ಅದು ಅನುಕೂಲ. ನಮ್ಮ ಬೇಸಿಗೆಯಲ್ಲಿ ಶಿಕ್ಷೆ. ದೂರದರ್ಶನದ ಕ್ಯಾಮೆರಾ ಹಿಡಿದು ನಿಂತವರಿಗೆ ಇನ್ನೊಂದು ಕಷ್ಟ: ಸಾಲುಸಾಲು ಕಪ್ಪು ಗೌನುಗಳ ನಡುವೆ ಯಾರು ಯಾರೆಂದು ತಿಳಿಯುವುದೇ ಇಲ್ಲ.

ಹಾಗಾದರೆ ಅದನ್ನು ಕಿತ್ತೆಸೆಯಬೇಕೆ? ಆತುರ ಬೇಡ. ಅಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳೆಯನ ಅಂಗಿಯ ಕಾಲರು ಹರಿದಿತ್ತು. ಅದೂ ಯಾರಿಗೂ ಕಾಣಲಿಲ್ಲ. ನನ್ನ ಹೊಸ ಅಂಗಿಯನ್ನು ಮುಚ್ಚಿದ ಗೌನೇ ಅವನ ಮಾನವನ್ನೂ ಕಾಯಿತು. ಸಮವಸ್ತ್ರಕ್ಕೆ ಈ ಒಂದು ಗುಣವಿದೆ.

ಈ ಇಕ್ಕಟ್ಟಿಗೆ ಅಮೆರಿಕದ ಮೂಲನಿವಾಸಿಗಳು ಕಂಡುಕೊಂಡ ದಾರಿಯನ್ನು ನೋಡಿ. 1968ರಲ್ಲಿ ನವಾಹೊ ಜನ ತಮ್ಮದೇ ಕಾಲೇಜನ್ನು ಸ್ಥಾಪಿಸಿದರು. ಅದರ ಇಂದಿನ ಹೆಸರು ಡಿನೆ ಕಾಲೇಜು. ಇಂಥ ಬುಡಕಟ್ಟು ಕಾಲೇಜುಗಳ ಪದವಿ ಸಮಾರಂಭದಲ್ಲಿ ಗೌನೂ ಇರುತ್ತದೆ, ಮಣಿಗಳಿಂದ ಪೋಣಿಸಿದ ಟೋಪಿಯೂ ಇರುತ್ತದೆ, ಟೋಪಿಯ ಕುಚ್ಚಿನ ಪಕ್ಕದಲ್ಲಿ ಹದ್ದಿನ ಗರಿಯೂ ಇರುತ್ತದೆ. ಅಲ್ಲಿನ ಹಲವು ಬುಡಕಟ್ಟುಗಳಲ್ಲಿ ಆ ಗರಿ ಅಲಂಕಾರವಲ್ಲ. ಸಾಧನೆ ಮಾಡಿದವರಿಗೆ ಹಿರಿಯರು ಕೊಡುವ ಗೌರವ. ಬೇರೆ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಈ ಗರಿ ಸುಲಭವಾಗಿ ದಕ್ಕಲಿಲ್ಲ. ನಿಯಮಕ್ಕೆ ವಿರುದ್ಧವೆಂದು ಕೆಲವೆಡೆ ತಡೆದರು; ವಿಷಯ ನ್ಯಾಯಾಲಯಕ್ಕೂ ಹೋಯಿತು. 2017ರಲ್ಲಿ ಮೊಂಟಾನಾ ರಾಜ್ಯ ಈ ಹಕ್ಕನ್ನು ಕಾಯ್ದೆಯಿಂದಲೇ ರಕ್ಷಿಸಿತು.

ನಮ್ಮಲ್ಲೂ ಗಾಳಿ ಬದಲಾಗಿದೆ. 2019ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಘಟಿಕೋತ್ಸವಕ್ಕೆ ಕೈಮಗ್ಗದ ಉಡುಪು ಬಳಸುವಂತೆ ಸೂಚಿಸಿತು. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕಪ್ಪು ಗೌನು ಬಿಟ್ಟು, ಆಯಾ ರಾಜ್ಯದ ಸಂಪ್ರದಾಯಕ್ಕೆ ಒಪ್ಪುವ ಉಡುಪು ರೂಪಿಸಲು ಹೇಳಿತು. ಒಳ್ಳೆಯದೇ. ಆದರೆ ರಾಜ್ಯದ ಸಂಪ್ರದಾಯವೆಂದರೆ ಯಾರದು? ಮೈಸೂರು ಪೇಟವೊಂದೇ ಸಾಕೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ, ಹೆಗ್ಗಡದೇವನಕೋಟೆಯ ಜೇನುಕುರುಬರ ಹುಡುಗ ಪದವಿ ಪಡೆಯುವಾಗ ತಮ್ಮವರ ಗುರುತೊಂದನ್ನು ಧರಿಸಬಾರದೆ? ಮೇಲಿನಿಂದ ಬಂದ ಒಂದು ಸಮವಸ್ತ್ರದ ಜಾಗಕ್ಕೆ ಇನ್ನೊಂದು ಬಂದರೆ ಬಣ್ಣ ಬದಲಾದೀತು, ಅಷ್ಟೆ.

2021ರ ನವೆಂಬರಿನಲ್ಲಿ ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ, ಹಾಲಕ್ಕಿಯವರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಧರಿಸಿ ನಡೆದು ಬಂದರು. ಶಾಲೆಯ ಮೆಟ್ಟಿಲು ಹತ್ತದ, ಆದರೆ ಕಾಡಿನ ಗಿಡಮರಗಳನ್ನು ಬಲ್ಲ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂದಿನ ಸಮಾರಂಭದ ಘನತೆ ಅವರ ಉಡುಗೆಯಿಂದ ಕುಂದಲಿಲ್ಲ, ಹೆಚ್ಚಿತು.

ನಿಮ್ಮ ಘಟಿಕೋತ್ಸವವೂ ಬರುತ್ತದೆ. ಗೌನು ಇರಲಿ, ಶಾಲು ಇರಲಿ. ಅದರ ಮೇಲೆ ನಿಮ್ಮ ಮನೆಯವರು ಗುರುತಿಸಬಲ್ಲ ಒಂದು ವಸ್ತುವಿಗೆ ಜಾಗ ಕೇಳಿ. ಪಕ್ಕದವರು ಕೇಳಿದಾಗ ಅವರ ಪರವಾಗಿಯೂ ನಿಲ್ಲಿ.