ಚೊಚ್ಚಲು ಮೇಕೆ ಮತ್ತು ಅದರ ಮರಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ತಿಳುವಳಿಕೆ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಲಿನ ಸಂಘದ ಸಮಾರಂಭದಲ್ಲಿ ಮೇಕೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಕ್ಯಾನಿಗೆ ಮೇಕೆ ಹಾಲು ಯಾರೂ ಹಾಕುವುದಿಲ್ಲ, ನಿಜ. ಆದರೆ ಇಲ್ಲಿರುವ ತಾಯಂದಿರನ್ನು ಕೇಳಿ. ಹಸುವಿನ ಹಾಲಿನ ಬಟವಾಡೆ ಹಿಂಡಿಗೆ, ಬೂಸಾಗೆ, ಸಾಲದ ಕಂತಿಗೆ ಹೋಗುತ್ತದೆ. ಜೂನ್ ತಿಂಗಳಲ್ಲಿ ಮಕ್ಕಳ ಸ್ಕೂಲ್ ಫೀಸಿಗೆ, ಆಸ್ಪತ್ರೆ ಖರ್ಚಿಗೆ, ಹಬ್ಬದ ಬಟ್ಟೆಗೆ ಕೈಗೆ ಬರುವುದು ಹಿತ್ತಲಲ್ಲಿ ಕಟ್ಟಿದ ಮೇಕೆಯ ಮರಿ. ಎರಡು ಮೇಕೆ ಇರುವ ಮನೆಯಲ್ಲಿ ಒಂದು ಮರಿ ಸತ್ತರೆ ಆ ವರ್ಷದ ಲೆಕ್ಕಾಚಾರವೇ ತಲೆಕೆಳಗು.

ಮರಿಗಳು ಹೆಚ್ಚಾಗಿ ಸಾಯುವುದು ಹುಟ್ಟಿದ ಮೊದಲ ವಾರದಲ್ಲಿ. ಅದರಲ್ಲೂ ಚೊಚ್ಚಲು ಮೇಕೆಯ ಮರಿಗೆ ಅಪಾಯ ಜಾಸ್ತಿ. ಆ ತಾಯಿಗೆ ಹೆರಿಗೆಯೇ ಹೊಸದು. ಹಿಂದಿನಿಂದ ಏನೋ ಒದ್ದೆಯಾದದ್ದು ಬಿತ್ತು, ಅದು ಕೂಗುತ್ತದೆ, ಕೆಚ್ಚಲಿಗೆ ಬಾಯಿ ಹಾಕುತ್ತದೆ. ಹೆದರಿಕೊಳ್ಳದೆ ಏನು ಮಾಡೀತು! ಆದ್ದರಿಂದ ಈ ಹೊತ್ತು ಬೇರೆಲ್ಲ ಬಿಟ್ಟು ಚೊಚ್ಚಲು ಮೇಕೆಯ ಮೊದಲ ಒಂದೆರಡು ದಿನದ ಮಾತನ್ನೇ ಆಡುತ್ತೇನೆ.

ಮೇಕೆಯ ಗಬ್ಬದ ಅವಧಿ ಸುಮಾರು 150 ದಿವಸ, ಅಂದರೆ ಐದು ತಿಂಗಳು. ಹೋತ ಹಾರಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಅರ್ಧ ಕೆಲಸ ಮುಗಿದಂತೆ. ದಿನ ಹತ್ತಿರ ಬಂದಾಗ ಕೆಚ್ಚಲು ತುಂಬುತ್ತದೆ, ಬಾಲದ ಬುಡದ ಎರಡೂ ಪಕ್ಕ ಕುಳಿ ಬಿದ್ದಂತೆ ಸಡಿಲವಾಗುತ್ತದೆ. ಮೇಕೆ ಮಂದೆಯಿಂದ ದೂರ ನಿಂತು ಕಾಲಿನಿಂದ ನೆಲ ಕೆರೆಯುತ್ತದೆ, ಎದ್ದು ಕುಳಿತು ಮಾಡುತ್ತದೆ. ಆಗ ಅದನ್ನು ಮೇಯಲು ದೂರ ಹೊಡೆಯಬೇಡಿ. ಬಯಲಿನಲ್ಲಿ ಮರಿ ಹಾಕಿದರೆ ನಾಯಿ, ಕಾಗೆಗಳ ಕಾಟ. ಕಾಗೆ ಹಸಿ ಮರಿಯ ಕಣ್ಣು, ಹೊಕ್ಕುಳನ್ನೇ ಕುಕ್ಕುತ್ತದೆ. ನಾಲ್ಕು ಅಡಿ ಅಗಲ ಐದು ಅಡಿ ಉದ್ದದ ಒಂದು ಮೂಲೆಯನ್ನು ಗಳುಗಳಿಂದ ಅಡ್ಡ ಕಟ್ಟಿ, ಒಣ ಹುಲ್ಲು ಹಾಸಿ ಅಲ್ಲಿ ಬಿಡಿ. ಈ ಪುಟ್ಟ ಅಂಕಣ ಏಕೆ ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಮರಿ ಬರುವಾಗ ಸಾಮಾನ್ಯವಾಗಿ ಮುಂದಿನ ಎರಡು ಗೊರಸು, ಅದರ ಮೇಲೆ ಮೂತಿ ಕಾಣಿಸುತ್ತದೆ. ಹಿಂಗಾಲು ಎರಡೂ ಮೊದಲು ಬಂದರೂ ಹೆರಿಗೆ ಆಗುತ್ತದೆ. ಜೋರಾಗಿ ಮುಕ್ಕಲು ಶುರು ಮಾಡಿ ಅರ್ಧ ಮುಕ್ಕಾಲು ಗಂಟೆಯಾದರೂ ಏನೂ ಕಾಣದಿದ್ದರೆ, ಅಥವಾ ತಲೆ ಮಾತ್ರ ಬಂದು ಕಾಲು ಬಾರದಿದ್ದರೆ ಕಾಯುತ್ತ ಕೂರಬೇಡಿ, ಎಳೆದಾಡಲೂ ಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ ಕಳಿಸಿ, ಇಲ್ಲವೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ತಿಳಿಸಿ. ಚೊಚ್ಚಲಿನ ದಾರಿ ಕಿರಿದು, ಅದಕ್ಕೆ ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ ಅನ್ನುವುದು ಸರಿ. ಹಾಗಂತ ಬೆಳಗಾಗಲಿ ಎಂದು ರಾತ್ರಿಯೆಲ್ಲ ಬಿಡುವುದು ಸರಿಯಲ್ಲ.

ಮರಿ ನೆಲಕ್ಕೆ ಬಿದ್ದ ಕೂಡಲೆ ಮೂಗು ಬಾಯಿಯ ಲೋಳೆ ಒರೆಸಿ. ಉಸಿರು ಬಾರದಿದ್ದರೆ ಒಣ ಗೋಣಿಯಿಂದ ಎದೆ, ಬೆನ್ನು ಚೆನ್ನಾಗಿ ಉಜ್ಜಿ. ಮೂಗಿನೊಳಕ್ಕೆ ಹುಲ್ಲಿನ ಎಸಳು ಆಡಿಸಿದರೆ ಸೀನಿ ಉಸಿರೆಳೆಯುತ್ತದೆ. ಇಷ್ಟಾದ ಮೇಲೆ ಮರಿಯನ್ನು ಎತ್ತಿ ತಾಯಿಯ ಮೂತಿಯ ಮುಂದೆ ಇಟ್ಟು ನೀವು ಹಿಂದಕ್ಕೆ ಸರಿಯಿರಿ. ಇಲ್ಲೇ ನಮ್ಮ ಜನ ಎಡವುವುದು. ಅಯ್ಯೋ ಪಾಪ, ಮರಿ ಲೋಳೆ ಲೋಳೆ ಆಗಿದೆ ಅಂತ ಬಿಸಿನೀರಿನಲ್ಲಿ ತೊಳೆದುಬಿಡುತ್ತಾರೆ. ಮಕ್ಕಳು ಎತ್ತಿಕೊಂಡು ಮನೆಯೊಳಕ್ಕೆ ಓಡುತ್ತಾರೆ, ನೋಡಲು ಬಂದವರೆಲ್ಲ ಮುಟ್ಟುತ್ತಾರೆ. ಒಂದು ಗಂಟೆ ಬಿಟ್ಟು ತಾಯಿ ಹತ್ತಿರ ಬಿಟ್ಟರೆ ಅದು ಹಾಯಲು ಬರುತ್ತದೆ. ಆಗ "ಮರೀನ ಸೇರಿಸ್ತಾ ಇಲ್ಲ ಸಾರ್, ಕೆಟ್ಟ ಮೇಕೆ ಇದು" ಅಂತ ದೂರು!

ಮೇಕೆ ತನ್ನ ಮರಿಯನ್ನು ಗುರುತಿಸುವುದು ಮೊದಲು ಮೂಗಿನಿಂದ. ಆ ಲೋಳೆಯ ವಾಸನೆ, ಅದನ್ನು ನೆಕ್ಕಿದ ರುಚಿ, ಇವುಗಳಿಂದಲೇ 'ಇದು ನನ್ನದು' ಅನ್ನುವುದು ಅದರ ತಲೆಯಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಕ್ಲಾಪ್‌ಫರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1964ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಹುಟ್ಟಿದ ಕೂಡಲೆ ಐದೇ ಐದು ನಿಮಿಷ ತಾಯಿಯ ಹತ್ತಿರ ಬಿಟ್ಟಿದ್ದ ಮರಿಯನ್ನು ಆಮೇಲೆ ಬೇರೆ ಇಟ್ಟು ತಂದರೂ ತಾಯಿ ಸೇರಿಸಿಕೊಂಡಿತು. ಆ ಐದು ನಿಮಿಷವೂ ಇಲ್ಲದೆ ಒಂದು ಗಂಟೆ ದೂರವಿಟ್ಟ ಮರಿಗಳನ್ನು ಹೆಚ್ಚಿನ ತಾಯಂದಿರು ಹತ್ತಿರ ಬಿಡಲಿಲ್ಲ. ನಮ್ಮ ಹಳೆಯ ಕುರಿಗಾಹಿಗಳು ಇದನ್ನು ಪುಸ್ತಕ ಓದದೆಯೇ ಬಲ್ಲರು.

ಇನ್ನೊಂದು ವಿಷಯ ಗಮನಿಸಿ. ಮರಿ ಕೆಚ್ಚಲ ಕಡೆ ಹೋದಾಗ ಚೊಚ್ಚಲು ತಾಯಿ ಗಿರಗಿರನೆ ತಿರುಗುತ್ತದೆ. ಮರಿ ಹಿಂದೆ ಹೋದಷ್ಟೂ ಇದು ಮುಖ ತಿರುಗಿಸಿ ಎದುರಿಗೇ ಬಂದು ನಿಲ್ಲುತ್ತದೆ. ನೋಡಿದವರಿಗೆ ಮೊಲೆ ಕೊಡುತ್ತಿಲ್ಲ ಅನ್ನಿಸುತ್ತದೆ. ಹಾಗಲ್ಲ, ಮರಿಯ ಮೇಲಿನ ಆಸೆಯಿಂದಲೇ ನೆಕ್ಕಲು ತಿರುಗುತ್ತಿರುತ್ತದೆ, ಅಷ್ಟೆ. ಇದನ್ನು ಹೊಡೆಯಬೇಡಿ. ಒಬ್ಬರು ಕೊರಳು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿ, ಇನ್ನೊಬ್ಬರು ಮರಿಯ ಬಾಯಿಗೆ ತೊಟ್ಟು ಕೊಡಿ. ಮೊದಲು ತೊಟ್ಟಿನಿಂದ ಎರಡು ಮೂರು ಎಳೆ ಹಿಂಡಿ ಹೊರಗೆ ಹಾಕಬೇಕು. ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ, ಎಳೆಯ ಮರಿಗೆ ಅದನ್ನು ಎಳೆದು ತೆಗೆಯುವ ಶಕ್ತಿ ಇರುವುದಿಲ್ಲ.

ಈಗ ಗಿಣ್ಣಿನ ವಿಷಯ. 'ಮಾಸು ಬೀಳುವ ತನಕ ಮರಿಗೆ ಮೊಲೆ ಕೊಡಬಾರದು' ಅನ್ನುವ ಮಾತು ನಮ್ಮಲ್ಲಿ ಇನ್ನೂ ಇದೆ. ಹಿರಿಯರು ಬೇಸರ ಮಾಡಿಕೊಳ್ಳಬಾರದು, ಈ ಒಂದು ನಂಬಿಕೆಯನ್ನು ಇಂದೇ ಬಿಡಬೇಕು. ಮನುಷ್ಯರಲ್ಲಿ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ರೋಗನಿರೋಧಕ ಶಕ್ತಿ ಸ್ವಲ್ಪ ಮಗುವಿಗೆ ಇಳಿಯುತ್ತದೆ. ಮೇಕೆ, ಕುರಿ, ಹಸುಗಳಲ್ಲಿ ಹಾಗೆ ಇಳಿಯುವುದಿಲ್ಲ. ಮರಿ ಬರಿಗೈಯಲ್ಲಿ ಭೂಮಿಗೆ ಬರುತ್ತದೆ. ಆ ಶಕ್ತಿಯೆಲ್ಲ ಇರುವುದು ಗಿಣ್ಣಿನಲ್ಲಿ. ಅದನ್ನು ಮರಿಯ ಕರುಳು ಹಾಗೆಯೇ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. ಹನ್ನೆರಡು ಗಂಟೆ ಕಳೆದ ಮೇಲೆ ಬಹಳ ಕಡಿಮೆ, ಒಂದು ದಿನ ಕಳೆದರೆ ಬಾಗಿಲು ಮುಚ್ಚಿದಂತೆಯೇ. ಮೊದಲ ಗಂಟೆಯೊಳಗೆ ಒಂದು ಸಲ ಕುಡಿಯಲೇಬೇಕು. ಎರಡು ಕೆ.ಜಿ. ತೂಗುವ ಮರಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೋಟೆಲಿನ ಟೀ ಲೋಟದಷ್ಟು, ಅಂದರೆ 100 ಮಿಲಿಲೀಟರ್, ದಿನಕ್ಕೆ 200 ಮಿಲಿಲೀಟರಿಗೆ ಕಡಿಮೆಯಿಲ್ಲದಂತೆ ಒಳಗೆ ಹೋಗಬೇಕು. ಮಾಸಿನ ಭಯವೂ ಬೇಡ. ಮರಿ ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಿ ಮಾಸು ಬೇಗ ಬೀಳಲು ಸಹಾಯವೇ ಆಗುತ್ತದೆ. ಕೆಲವೇ ಗಂಟೆಗಳಲ್ಲಿ ಅದು ತಾನಾಗಿ ಬೀಳುತ್ತದೆ. ಹನ್ನೆರಡು ಗಂಟೆ ಮೀರಿದರೆ ಡಾಕ್ಟರಿಗೆ ತೋರಿಸಿ. ಕಲ್ಲು, ಚಪ್ಪಲಿ ಕಟ್ಟಿ ಎಳೆಯುವುದು ಬೇಡವೇ ಬೇಡ.

ಗಿಣ್ಣು ಹಿಂಡಿ ಬೆಲ್ಲ ಹಾಕಿ ಕಾಯಿಸಿ ತಿನ್ನುವ ಆಸೆ ನನಗೂ ಇದೆ. ಆದರೆ ಮರಿಯ ಪಾಲು ಮುಗಿದ ಮೇಲೆ ಉಳಿದದ್ದು ನಮ್ಮದು.

ಚೊಚ್ಚಲು ಮೇಕೆಗೆ ಕೆಲವೊಮ್ಮೆ ಹಾಲೇ ಇಳಿದಿರುವುದಿಲ್ಲ. ಆಗ ಅದೇ ಹೊತ್ತಿನಲ್ಲಿ ಮರಿ ಹಾಕಿದ ಇನ್ನೊಂದು ಮೇಕೆಯ ಗಿಣ್ಣು, ಅದೂ ಇಲ್ಲದಿದ್ದರೆ ಹಸುವಿನ ಗಿಣ್ಣು ಕೊಡಬಹುದು. ಇಲ್ಲಿ ಸಂಘಕ್ಕೆ ನನ್ನದೊಂದು ಸಲಹೆ. ನಮ್ಮ ಊರಿನಲ್ಲಿ ಹಸುಗಳು ಈಯುತ್ತಲೇ ಇರುತ್ತವೆ. ಆರೋಗ್ಯವಾದ ಹಸುವಿನ ಮೊದಲ ದಿನದ ಗಿಣ್ಣನ್ನು ಸಣ್ಣ ಬಾಟಲಿಗಳಲ್ಲಿ ತುಂಬಿ, ದಿನಾಂಕ ಬರೆದು, ಯಾರ ಮನೆಯ ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಾದರೂ ಇಟ್ಟರೆ ಆರು ತಿಂಗಳು ಇಡಬಹುದು. ಬೇಕಾದಾಗ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ, ಕೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿ ಕುಡಿಸಬೇಕು. ಒಲೆಯ ಮೇಲೆ ಕುದಿಸಿದರೆ ಗಡ್ಡೆ ಕಟ್ಟುತ್ತದೆ, ಅದರ ಗುಣವೂ ಹೋಗುತ್ತದೆ. ಇದಕ್ಕೆ ಸಂಘದ ದುಡ್ಡು ಖರ್ಚಿಲ್ಲ. ಯಾರ ಮನೆಯಲ್ಲಿ ಬಾಟಲಿ ಇದೆ ಎಂದು ಡೈರಿಯ ಬೋರ್ಡಿನ ಮೇಲೆ ಒಂದು ಸಾಲು ಬರೆದರೆ ಸಾಕು.

ಕುಡಿಸುವ ಮೊದಲು ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ತಣ್ಣಗಿದ್ದರೆ ಮರಿ ಚಳಿಗೆ ಸಿಕ್ಕಿದೆ ಎಂದು ಅರ್ಥ. ಅಂಥ ಮರಿಗೆ ಕೂಡಲೆ ಹಾಲು ಹಾಕಬಾರದು. ಗೋಣಿಯಲ್ಲಿ ಸುತ್ತಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ಮೈ ಬೆಚ್ಚಗಾಗಿ ತಲೆ ಎತ್ತಿದ ಮೇಲೆ ಕುಡಿಸಬೇಕು. ತಲೆ ಎತ್ತಲಾರದ ಮರಿಗೆ ಒಳಲೆಯಲ್ಲಿ ಹುಯ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮರಿ ಹಸಿವಿನಿಂದ ಅಲ್ಲ, ಹಾಲಿನಿಂದಲೇ ಸಾಯುತ್ತದೆ.

ಹೊಕ್ಕುಳ ಬಳ್ಳಿ ಉದ್ದವಿದ್ದರೆ ಎರಡು ಬೆರಳಿನಷ್ಟು ಬಿಟ್ಟು ಶುದ್ಧವಾದ ದಾರದಿಂದ ಕಟ್ಟಿ, ಹೊಸ ಬ್ಲೇಡಿನಿಂದ ಕತ್ತರಿಸಿ, ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಬೂದಿ, ಸಗಣಿ ಮೆತ್ತಬೇಡಿ. ಹೊಕ್ಕುಳದಿಂದ ನಂಜು ಒಳಗೆ ಹೋದರೆ ಮುಂದೆ ಕೀಲುಗಳು ಬಾತು ಮರಿ ಕುಂಟುತ್ತದೆ. ಮಾಸು ಎತ್ತುವಾಗ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಕಂದು ಹಾಕಿದ ಮೇಕೆಯಾದರೆ ಇದು ಖಡಾಖಂಡಿತ. ಬ್ರೂಸೆಲ್ಲಾ ಎಂಬ ರೋಗ ಅದರಿಂದ ಮನುಷ್ಯರಿಗೂ ಬರುತ್ತದೆ. ಮಾಸನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಗಬ್ಬದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಕೈ ಹಾಕಬಾರದು.

ಇಷ್ಟೆಲ್ಲ ಮಾಡಿಯೂ ತಾಯಿ ಮರಿಯನ್ನು ಹಾಯುತ್ತದೆ, ಒದೆಯುತ್ತದೆ ಅನ್ನಿ. ಮೊದಲು ಕೆಚ್ಚಲು ಮುಟ್ಟಿ ನೋಡಿ. ಬಿಸಿಯಾಗಿ, ಗಟ್ಟಿಯಾಗಿದ್ದರೆ, ಹಾಲಿನಲ್ಲಿ ಗಸಿ ಅಥವಾ ರಕ್ತ ಬಂದರೆ ಕೆಚ್ಚಲು ಬಾವು. ಅದು ಸಿಟ್ಟಲ್ಲ, ನೋವು, ಚಿಕಿತ್ಸೆ ಬೇಕು. ಬರೀ ಹಾಲು ತುಂಬಿ ಬಿಗಿದಿದ್ದರೆ ಸ್ವಲ್ಪ ಹಿಂಡಿದರೆ ಸಮಾಧಾನವಾಗುತ್ತದೆ. ನೋವೇನೂ ಇಲ್ಲದಿದ್ದರೆ ಆ ಪುಟ್ಟ ಅಂಕಣದಲ್ಲಿ ತಾಯಿ ಮರಿ ಎರಡನ್ನೇ ಇಡಿ. ಮಾಸಿನ ನೀರನ್ನೋ, ತಾಯಿಯದೇ ಹಾಲನ್ನೋ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿ. ಸ್ವಲ್ಪ ಉಪ್ಪು ಉದುರಿಸಿ ನೆಕ್ಕಿಸುವವರೂ ಇದ್ದಾರೆ. ದಿನಕ್ಕೆ ನಾಲ್ಕೈದು ಸಲ, ರಾತ್ರಿ ಒಂದು ಸಲ, ತಾಯಿಯನ್ನು ಹಿಡಿದು ಮರಿಗೆ ಕುಡಿಸಿ. ಮುಂದೆ ಒಂದು ಹಿಡಿ ಬೂಸಾ ಇಟ್ಟರೆ ಗಮನ ಅತ್ತ ಇರುತ್ತದೆ. ಎರಡು ಮೂರು ದಿನಕ್ಕೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ, ಕೆಲವಕ್ಕೆ ವಾರ ಹಿಡಿಯುತ್ತದೆ. ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಗಂಡಸರಿಗಿಂತ ಹೆಂಗಸರೇ ಸರಿ. ಗಂಡಸರು ಎರಡನೇ ದಿನಕ್ಕೇ ಬೆತ್ತ ಹುಡುಕುತ್ತಾರೆ.

ಮರಿಗೆ ಹಾಲು ಸಾಲುತ್ತಿದೆಯೆ ಎಂದು ತಿಳಿಯುವುದು ಸುಲಭ. ಹೊಟ್ಟೆ ತುಂಬಿದ ಮರಿ ಮಲಗಿ ನಿದ್ದೆ ಮಾಡುತ್ತದೆ, ಎಬ್ಬಿಸಿದರೆ ಮೈ ಮುರಿಯುತ್ತದೆ. ಹಸಿದ ಮರಿ ಬೆನ್ನು ಗೂನು ಮಾಡಿ ನಿಂತು ಕೂಗುತ್ತದೆ. ಮೊದಲ ಹಿಕ್ಕೆ ಕರಿಯ ಟಾರಿನಂತೆ, ಆಮೇಲೆ ಹಳದಿ ಅಂಟು. ಅದು ಒಣಗಿ ಗುದದ್ವಾರ ಮುಚ್ಚಿಕೊಂಡರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ತಾಯಿಗೆ ಹೆತ್ತ ಕೂಡಲೆ ಬೆಚ್ಚನೆಯ ಬೆಲ್ಲದ ನೀರು ಕುಡಿಸಿ. ಒಂದೇ ಸಲ ಬೊಗಸೆಗಟ್ಟಲೆ ಕಾಳು ಸುರಿಯಬೇಡಿ, ಹೊಟ್ಟೆ ಕೆಡುತ್ತದೆ. ಒಣ ಮೇವು, ಸೊಪ್ಪು ಕೊಟ್ಟು ನಾಲ್ಕೈದು ದಿನದಲ್ಲಿ ಹಿಂಡಿ ಹೆಚ್ಚಿಸುತ್ತ ಹೋಗಿ.

ಕಡೆಯದಾಗಿ, ಹೋತಕ್ಕೆ ಬಿಡುವ ವಯಸ್ಸು. ಆರೇಳು ತಿಂಗಳ ಹೆಣ್ಣು ಮರಿ ಬೆದೆಗೆ ಬಂದುಬಿಡುತ್ತದೆ. ಮಂದೆಯಲ್ಲಿ ಹೋತಗಳ ಜೊತೆಯಲ್ಲೇ ಮೇಯುತ್ತಿದ್ದರೆ ಗಬ್ಬವೂ ಆಗುತ್ತದೆ. ಇನ್ನೂ ತಾನೇ ಬೆಳೆಯುತ್ತಿರುವ ಮೇಕೆಗೆ ಹೊಟ್ಟೆಯ ಮರಿಯನ್ನೂ ಸಾಕಿ ಹಾಲನ್ನೂ ತುಂಬಿಸಿಕೊ ಅಂದರೆ ಎಲ್ಲಿಂದ ತಂದೀತು? ವರ್ಷ ತುಂಬುತ್ತ ಬಂದು, ದೊಡ್ಡ ಮೇಕೆಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬಂದ ಮೇಲೆ ಹೋತಕ್ಕೆ ಬಿಡಿ. ಅಲ್ಲಿಯವರೆಗೆ ಗಂಡು ಮರಿಗಳನ್ನು ನಾಲ್ಕನೇ ತಿಂಗಳಿನಲ್ಲೇ ಬೇರೆ ಕಟ್ಟಿ. ನಮ್ಮ ಸೀಮೆಯ ನಂದಿದುರ್ಗ ಮೇಕೆಗೂ ಅಷ್ಟೆ, ತೆಂಕಲಿಂದ ಬಡಗಲಿಂದ ತಂದ ಬೇರೆ ಯಾವ ತಳಿಗೂ ಅಷ್ಟೆ.

ಗಬ್ಬದ ಕೊನೆಯ ತಿಂಗಳು ಹಾಕಿಸುವ ಕರುಳುಬೇನೆ ಲಸಿಕೆ, ಜಂತಿನ ಔಷಧಿ ಇವುಗಳನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಊಟಕ್ಕೆ ಇನ್ನೂ ಸಮಯವಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.