ಕ್ಷೌರದ ಕತ್ತಿ ಹಿಡಿದ ಕೈಗಳು



ಮುಂಬಯಿ ಬಳಿಯ ಠಾಣೆ, ಕಲ್ಯಾಣದ ಕಡೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವ ಗಂಡಸು ಅಪರೂಪ. ಊರಿನ ಕ್ಷೌರಿಕರು ಗೊತ್ತಾದ ದಿನ ಬಾಗಿಲಿಗೆ ಬರುತ್ತಿದ್ದರು. ಕೂಲಿ ಸುಗ್ಗಿಯಲ್ಲಿ ಕಾಳಾಗಿ ಸಲ್ಲುತ್ತಿತ್ತು. ಹೀಗೆ ಕಾಳಿನ ಕೂಲಿಗೆ ಊರ ಕೆಲಸ ಮಾಡುವ, ಮರಾಠಿ ಊರಿನ ಹನ್ನೆರಡು ಬಲುತೇದಾರರಲ್ಲಿ, ಕನ್ನಡ ಊರಿನ ಹನ್ನೆರಡು ಆಯಗಾರರಲ್ಲಿ ಅವರೂ ಸೇರಿದ್ದರು. ಕತ್ತಿಯ ವಿದ್ಯೆ ಅಪ್ಪನಿಂದ ಮಗನಿಗೆ ಬರುತ್ತಿತ್ತು.

ಆ ವಿದ್ಯೆಯ ಮೊದಲ ಪಾಠ ಮಸೆಯುವುದು. ಸಾಣೆಕಲ್ಲಿನ ಮೇಲೆ ಕತ್ತಿ ಬಾಯಿ ಮುಂದಾಗಿ ಸಾಗಬೇಕು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಮಗ್ಗುಲು ಬದಲಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು; ತಪ್ಪಿದರೆ ಪಟ್ಟಿ ಕುಯ್ದುಹೋಗುತ್ತದೆ, ಕತ್ತಿ ಮೊಂಡಾಗುತ್ತದೆ. ಇದು ಕೈಗೆ ಹತ್ತಿದ ಮೇಲೆಯೇ ಕೆನ್ನೆಯ ಸರದಿ. ಬಿಸಿನೀರಿನಲ್ಲಿ ಕೂದಲು ನೆನೆದು ಮೆದುವಾಗಿರಬೇಕು. ಎಡಗೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಕತ್ತಿ ಸುಮಾರು 30 ಡಿಗ್ರಿ ಓರೆಯಾಗಿ, ಕೂದಲು ಬೆಳೆದ ದಿಕ್ಕಿಗೇ, ತನ್ನ ತೂಕದಲ್ಲೇ ಇಳಿಯಬೇಕು. ಒತ್ತಿದರೆ ಗಾಯ. ಗದ್ದ, ಗಂಟಲು ಎಲ್ಲಕ್ಕಿಂತ ಕೊನೆಗೆ. ಇದೇ ರೀತಿ ಶಸ್ತ್ರವೈದ್ಯ ಕಲಿಯುವ ಶಿಷ್ಯರೂ ಕೆರೆಯುವ ಕ್ರಿಯೆಯನ್ನು ಮೊದಲು ಕೂದಲಿರುವ ಚರ್ಮವನ್ನು ಹಿಗ್ಗಿಸಿ ಕಟ್ಟಿ ಅಭ್ಯಾಸ ಮಾಡಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ವೈದ್ಯರ ಕೈಗೂ ಕ್ಷೌರಿಕರ ಕೈಗೂ ಬೇಕಾದ ಸಂಯಮ ಒಂದೇ ಎಂದು ನಾನು ನಂಬುತ್ತೇನೆ.

ಗಡ್ಡವನ್ನು ತಾನೇ ತೆಗೆದುಕೊಳ್ಳುವುದನ್ನು ಕಲಿಸಲೆಂದೇ ಪುಸ್ತಕ ಬರೆದವನು ಫ್ರಾನ್ಸಿನ ಜಾನ್ ಜಾಕ್ ಪೆರೆ, 1769ರಲ್ಲಿ. ಇಂಗ್ಲೆಂಡಿನ ಶೆಫೀಲ್ಡಿನ ಉಕ್ಕು ಅಷ್ಟರಲ್ಲಿ ಒಳ್ಳೆಯ ಕತ್ತಿಗಳಿಗೆ ಹೆಸರಾಗುತ್ತಿತ್ತು. ನಮ್ಮ ಕಡೆ ತಾನೇ ಗಡ್ಡ ತೆಗೆದುಕೊಳ್ಳುವ ಈ ಅಭ್ಯಾಸಕ್ಕೆ ಅವಸರ ತಂದದ್ದು ರೈಲು ಎಂದು ನನ್ನ ಎಣಿಕೆ. 1853ರಲ್ಲಿ ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ಗಾಡಿ ಬಂತು. ಬೆಳಗಿನ ಗಾಡಿ ಹಿಡಿಯಬೇಕಾದ ಗುಮಾಸ್ತನಿಗೆ ಕ್ಷೌರಿಕರ ವಾರ ಕಾಯಲು ಪುರುಸೊತ್ತೆಲ್ಲಿ? 1904ರಲ್ಲಿ ಅಮೆರಿಕದ ಜಿಲೆಟ್ ಬದಲಾಯಿಸುವ ಬ್ಲೇಡಿನ ರೇಜರಿಗೆ ಪೇಟೆಂಟ್ ಪಡೆದ ಮೇಲೆ ಮಸೆಯುವ ವಿದ್ಯೆಯೇ ಮನೆಗಳಿಗೆ ಬೇಡವಾಯಿತು.

ಆದರೆ ಈ ಕತ್ತಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1890ರ ಮುಂಬಯಿ. ಗಂಡ ಸತ್ತ ಹೆಣ್ಣುಮಕ್ಕಳ ತಲೆ ಬೋಳಿಸುವ ಪದ್ಧತಿ ಆಗ ಬಲವಾಗಿತ್ತು. ಆ ಕ್ರೌರ್ಯ ಎಂಥದೆಂದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಓದಿದವರಿಗೆ ಹೇಳಬೇಕಾಗಿಲ್ಲ. ಮಹಾತ್ಮ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಕ್ಷೌರಿಕರನ್ನು ಒಟ್ಟುಗೂಡಿಸಿದರು. ಇನ್ನು ಮುಂದೆ ವಿಧವೆಯರ ತಲೆಗೆ ಕತ್ತಿ ತಾಗಿಸುವುದಿಲ್ಲ ಎಂದು ಆ ಕ್ಷೌರಿಕರು ಸಭೆ ಸೇರಿ ತೀರ್ಮಾನಿಸಿದರು. ಶಾಸ್ತ್ರ ಓದಿದವರು ವಾದದಲ್ಲೇ ಮುಳುಗಿದ್ದಾಗ ಶಾಸ್ತ್ರ ಓದಲು ಅವಕಾಶವಿಲ್ಲದವರು ಕತ್ತಿ ಕೆಳಗಿಟ್ಟರು. ಲೋಖಂಡೆ ಹುಟ್ಟಿದ್ದು ಇದೇ ಠಾಣೆಯಲ್ಲಿ, 1848ರಲ್ಲಿ. ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದಕ್ಕಿಸಿಕೊಟ್ಟವರೂ ಅವರೇ, ಅದೂ 1890ರಲ್ಲೇ. ಇಂದಿಗೂ ಭಾನುವಾರ ಬೆಳಿಗ್ಗೆ ಸೆಲೂನಿನ ಬೆಂಚಿನಲ್ಲಿ ಸರದಿಗೆ ಕೂತವರೆಲ್ಲರೂ ಅವರಿಗೆ ಋಣಿಗಳು.

ಮುಂಬಯಿ ಸೀಮೆಯ ಸೆಲೂನುಗಳಲ್ಲಿ ತುಳುನಾಡಿನ ಭಂಡಾರಿ ಸಮುದಾಯದವರ ದುಡಿಮೆಯೂ ದೊಡ್ಡದು. ಈ ಸೆಲೂನುಗಳ ಕತ್ತಿಯೂ ಮುಂದೆ ಬದಲಾಯಿತು. 1986ರಲ್ಲಿ ದೇಶದಲ್ಲಿ ಎಚ್‌ಐವಿ ಸೋಂಕು ಪತ್ತೆಯಾಯಿತು. ಅದರ ಭಯ ಹಬ್ಬಿದ ಮೇಲೆ ಮಸೆಯುವ ಕತ್ತಿ ಹಿಂದೆ ಸರಿದು, ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡ್ ಸಿಕ್ಕಿಸುವ ಹಿಡಿ ಬಂತು. ಅದು ಸರಿಯಾದ ಬದಲಾವಣೆ. ಓರೆ, ಎಳೆತ, ಹಗುರ ಕೈ ಮಾತ್ರ ಅಂದಿನವೇ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕತ್ತಿ ಇದ್ದರೆ ಗುಜರಿಗೆ ಹಾಕಬೇಡಿ. ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಹಳೆಯ ಸೆಲೂನಿನ ಹಿರಿಯರೊಬ್ಬರ ಬಳಿಗೆ ಒಯ್ದು, ಮಸೆಯುವುದನ್ನು ಹೇಳಿಕೊಡಿ ಎಂದು ಕೇಳಿ. ಸಂಗೀತ ಕಲಿಸುವವರಿಗೆ ಕೊಡುವ ಗುರುಕಾಣಿಕೆಯನ್ನು ಅವರಿಗೂ ಕೊಡಿ.