ಓಡುವ ಕಾರಿನ ಕಾಣದ ಆವಿ



ಕಾರಿನ ಹೊಗೆಯನ್ನು ಕುರಿತು ಆಡುವವರು ಅನೇಕರುಂಟು. ನಾವು ಇಂದು ಅರಿಕೆ ಮಾಡುವುದು ಉರಿಯದೆಯೇ ತಪ್ಪಿಸಿಕೊಳ್ಳುವ ಪೆಟ್ರೋಲಿನ ಆವಿಯ ವಿಷಯ. ಅದು ಕಣ್ಣಿಗೆ ಬೀಳದು. ಮೂಗಿಗೆ ಮಾತ್ರ ಒಮ್ಮೊಮ್ಮೆ ತಿಳಿಯುವುದು. ಆದರೆ ಬಿಸಿಲಿನಲ್ಲಿ ಸಾರಜನಕದ ಆಕ್ಸೈಡುಗಳೊಡನೆ ಕೂಡಿ ಓಜೋನನ್ನು ಹುಟ್ಟಿಸಿ, ಮಕ್ಕಳಿಗೂ ಉಬ್ಬಸದವರಿಗೂ ಕಂಟಕವಾಗುವುದು. ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಮುಸುಕಿಗೆ ಇಂತಹ ಸಂಯೋಗವೇ ಮೂಲವೆಂದು ಹಾಗೆನ್-ಸ್ಮಿಟ್ ಎಂಬ ರಸಾಯನಜ್ಞರು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು.

ನಿಂತ ಕಾರಿನ ಆವಿಯನ್ನು ಅಳೆಯುವುದು ಅಷ್ಟು ಕಷ್ಟವಲ್ಲ. ಕಾರನ್ನು ಗಾಳಿಯಾಡದ ಕೊಠಡಿಯಲ್ಲಿ ಮುಚ್ಚಿಟ್ಟು, ಒಳಗಿನ ಗಾಳಿಯಲ್ಲಿ ಹೈಡ್ರೊಕಾರ್ಬನ್ ಎಷ್ಟು ಹೆಚ್ಚಿತೆಂದು ನೋಡಿದರಾಯಿತು. ತೊಡಕೆಲ್ಲ ಓಡುವ ಕಾರಿನದು. ಟ್ಯಾಂಕನ್ನು ಕಾದ ರಸ್ತೆ ಕೆಳಗಿನಿಂದ ಬಿಸಿಮಾಡುತ್ತದೆ, ಹೊಗೆಕೊಳವೆ ಪಕ್ಕದಿಂದ ಬಿಸಿಮಾಡುತ್ತದೆ. ಹಳೆಯ ಏರ್ಪಾಟಿನಲ್ಲಿ, ಎಂಜಿನ್ನಿನ ಬಳಿ ಕಾದು ಮಿಕ್ಕ ಪೆಟ್ರೋಲು ಮರಳಿ ಟ್ಯಾಂಕಿಗೇ ಬರುತ್ತಿತ್ತು. ಏಳುವ ಆವಿಯನ್ನು ಹಿಡಿಯಲು ಇದ್ದಲಿನ ಡಬ್ಬಿಯುಂಟು. ಎಂಜಿನ್ನು ಅದನ್ನು ಹೀರಿ ಉರಿಸಬೇಕು. ವಾಹನಗಳ ಗದ್ದಲದಲ್ಲಿ ನಿಂತು ನಿಂತು ಸಾಗುವಾಗ ಹೀರಿಕೆ ಸಾಲದೆ ಡಬ್ಬಿ ತುಂಬಿ ಆವಿ ಹೊರಚೆಲ್ಲುವುದೂ ಉಂಟು. ಇದರ ಮೇಲೆ ಕಾರು ತಾನೇ ಹೊಗೆಯುಗುಳುತ್ತಿರಲು, ಕೊಠಡಿಯ ಗಾಳಿಯಲ್ಲಿ ಟ್ಯಾಂಕಿನ ಪಾಲೆಷ್ಟು, ಎಂಜಿನ್ನಿನ ಪಾಲೆಷ್ಟು ಎಂದು ಹೇಳುವವರಾರು?

ಇದಕ್ಕೆ ಕಂಡುಕೊಂಡ ಉಪಾಯವನ್ನು ನಾವು ಮೆಚ್ಚದಿರಲಾರೆವು. ಮೊದಲು ಸುಡುಬಿಸಿಲಿನಲ್ಲಿ ಕಾರನ್ನು ರಸ್ತೆಯ ಮೇಲೆ ಓಡಿಸಿ, ಟ್ಯಾಂಕಿನೊಳಗಿನ ಪೆಟ್ರೋಲು ಗಳಿಗೆ ಗಳಿಗೆಗೂ ಎಷ್ಟು ಕಾಯಿತೆಂದು ಬರೆದುಕೊಳ್ಳುತ್ತಾರೆ. ಅನಂತರ ಮುಚ್ಚಿದ ಕೊಠಡಿಯೊಳಗೆ, ತಿರುಗುವ ಉರುಳೆಗಳ ಮೇಲೆ, ಕಾರು ನಿಂತಲ್ಲೇ ಓಡುತ್ತದೆ; ಪೆಟ್ರೋಲು ರಸ್ತೆಯಲ್ಲಿ ಕಾದಂತೆಯೇ ಕಾಯುವ ಹಾಗೆ ನೋಡಿಕೊಳ್ಳುತ್ತಾರೆ. ಹೊಗೆಯನ್ನು ಬಿಗಿಯಾದ ಕೊಳವೆಯಿಂದ ಹೊರಗೆ ಒಯ್ಯುತ್ತಾರೆ. ಎಂಜಿನ್ನಿಗೆ ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ತರುತ್ತಾರೆ. ಇಲ್ಲವಾದರೆ ಅಳೆಯಬೇಕಾದ ಆವಿಯನ್ನು ಎಂಜಿನ್ನೇ ನುಂಗಿಬಿಡುವುದು! ಉಳಿದುದು ಬರಿಯ ಗುಣಾಕಾರ. ಅಮೆರಿಕವು 1993ರಲ್ಲಿ ಈ ಪರೀಕ್ಷೆಯನ್ನು ನಿಯಮಕ್ಕೆ ಸೇರಿಸಿ, 1996ರ ಮಾದರಿಗಳಿಂದ ಹಂತಹಂತವಾಗಿ ಜಾರಿಗೆ ತಂದಿತು: 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮೈಲಿಗೆ 0.05 ಗ್ರಾಂ ಮೀರಕೂಡದು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6ರ ನಿಯಮವು ಯೂರೋಪಿನ ಜಾಡನ್ನು ಹಿಡಿದುದು. ಓಡಿ ನಿಂತ ಕಾರಿನ ಆವಿಯನ್ನೂ ದಿನದ ಬಿಸಿಲೇರುವಾಗಿನ ಆವಿಯನ್ನೂ ಅದು ಅಳೆಯುತ್ತದೆ. ಓಡುತ್ತಿರುವಾಗಿನ ಆವಿಯನ್ನು ಅಳೆಯುವುದಿಲ್ಲ. ಇಲ್ಲಿ, ನಮ್ಮ ಸೊಲ್ಲಾಪುರದಲ್ಲಿ, ವೈಶಾಖದ ಬಿಸಿಲು 40 ಡಿಗ್ರಿಯನ್ನು ದಾಟುವುದು ತಮಗೆಲ್ಲ ತಿಳಿದದ್ದೇ. ಆ ಬಿಸಿಲಿನಲ್ಲಿ ಪೇಟೆಯ ನಡುವೆ ಆಮೆನಡಿಗೆಯಲ್ಲಿ ಸಾಗುವ ವಾಹನಗಳನ್ನೂ ಅಳೆದು ನೋಡಿರೆಂದು ಸರಕಾರವನ್ನು ಕೇಳುವುದು ಅತಿಯಾಸೆಯಲ್ಲವೆಂದು ನಾವು ಬಗೆಯುತ್ತೇವೆ. ಅದಾಗುವವರೆಗೆ, ತಮ್ಮ ಟ್ಯಾಂಕಿನ ಮುಚ್ಚಳದ ರಬ್ಬರು ಬಿರಿದಿದ್ದರೆ ದಯವಿಟ್ಟು ಬದಲಿಸಿರಿ.